ಹನ್ನೆರಡು ಗಂಟೆಯ ಪಾಳಿಗೆ ಎಂಥ ಶೂ ಬೇಕು?

ಪ್ರಶ್ನೆ: ನಾನು ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ವಯಸ್ಸು 34, ಇಬ್ಬರು ಮಕ್ಕಳ ತಾಯಿ. ಹಗಲು ಪಾಳಿ ಆರು ಗಂಟೆ, ರಾತ್ರಿ ಪಾಳಿ ಹನ್ನೆರಡು ಗಂಟೆ. ನಾಲ್ಕು ತಿಂಗಳಿಂದ ಎಡ ಹಿಮ್ಮಡಿ ನೋಯುತ್ತಿದೆ. ನಿದ್ದೆಯಿಂದ ಎದ್ದು ಕಾಲು ನೆಲಕ್ಕೆ ಊರಿದರೆ ಮೊಳೆ ಚುಚ್ಚಿದ ಹಾಗೆ ಆಗುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆಯಾಗುತ್ತದೆ, ಪಾಳಿ ಮುಗಿಯುವ ಹೊತ್ತಿಗೆ ಮತ್ತೆ ಹೆಚ್ಚುತ್ತದೆ. ಮೊದಲು 350 ರೂಪಾಯಿಯ ಬಿಳಿ ಬೆಲ್ಲಿ ಹಾಕುತ್ತಿದ್ದೆ. ನೋವು ಶುರುವಾದ ಮೇಲೆ ಆನ್‌ಲೈನ್‌ನಲ್ಲಿ ಮೆಮೊರಿ ಫೋಮ್ ಶೂ ತರಿಸಿದೆ. ಎರಡು ವಾರ ಹಿತವಾಗಿತ್ತು, ಈಗ ಹಿಮ್ಮಡಿಯ ಜೊತೆಗೆ ಬೆರಳುಗಳ ಬುಡವೂ ಉರಿಯುತ್ತಿದೆ. ಎಕ್ಸ್‌ರೇ ನೋಡಿದವರು ಮೂಳೆ ಬೆಳೆದಿದೆ ಎಂದರು. ಒಬ್ಬರು ಎಂಸಿಆರ್ (ಮೈಕ್ರೋ ಸೆಲ್ಯುಲಾರ್ ರಬ್ಬರ್) ಚಪ್ಪಲಿ ಹಾಕಿ ಎನ್ನುತ್ತಾರೆ, ಅಂಗಡಿಯವರು ಆರು ಸಾವಿರದ ಶೂ ತೋರಿಸುತ್ತಾರೆ. ನನ್ನ ಸಂಬಳ ಹತ್ತೊಂಬತ್ತು ಸಾವಿರ. ವಾರ್ಡಿನಲ್ಲಿ ಮುಚ್ಚಿದ ಬಿಳಿ ಪಾದರಕ್ಷೆ ಕಡ್ಡಾಯ, ಐಸಿಯು ಡ್ಯೂಟಿ ಬಿದ್ದಾಗ ಶೂ ಹೊರಗೆ ಬಿಟ್ಟು ಅಲ್ಲಿನ ಚಪ್ಪಲಿ ಹಾಕಬೇಕು. ನಾನು ಯಾವ ಶೂ ಕೊಳ್ಳಲಿ, ಎಷ್ಟು ಖರ್ಚು ಮಾಡಲಿ? ಮೂಳೆಗೆ ಆಪರೇಷನ್ ಬೇಕಾಗುತ್ತದೆಯೇ?

ಉತ್ತರ: ಮೊದಲಿಗೆ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಉಳಿದೆಲ್ಲ ಚಿಂತೆಗಿಂತ ಅದೇ ನಿಮ್ಮನ್ನು ಹೆಚ್ಚು ಕಾಡುತ್ತಿರುವಂತೆ ಕಾಣುತ್ತದೆ. ನೀವು ಬರೆದಿರುವ ಲಕ್ಷಣಗಳಿಗೆ ಆಪರೇಷನ್ ಬೇಕಾಗುವುದು ತೀರಾ ಅಪರೂಪ. ಎದ್ದ ಕೂಡಲೇ ಇಡುವ ಮೊದಲ ಹೆಜ್ಜೆಯಲ್ಲಿ ಚುಚ್ಚುವ ನೋವು, ನಡೆದಂತೆ ಅದು ಸಡಿಲವಾಗುವುದು, ದಿನದ ಕೊನೆಗೆ ಮರುಕಳಿಸುವುದು, ಇವು ಪ್ಲಾಂಟರ್ ಫೇಶಿಯೈಟಿಸ್ ಎಂಬ, ಅಂಗಾಲಿನ ನಾರಿನ ಪಟ್ಟಿಯ ತೊಂದರೆಯ ಗುರುತುಗಳು. ಪಾದವನ್ನು ಕೈಯಿಂದ ಒತ್ತಿ ನೋಡದೆ ಖಚಿತವಾಗಿ ಹೇಳಲಾಗದು; ಆದರೆ ಪಾದದ ನೋವಿಗೆಂದು ನಮ್ಮಲ್ಲಿಗೆ ಬರುವ ನರ್ಸ್‌ಗಳು, ಶಿಕ್ಷಕಿಯರು ಮತ್ತು ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರು ಹೇಳುವ ಕಥೆ ಬಹುಮಟ್ಟಿಗೆ ಇದೇ ಆಗಿರುತ್ತದೆ. ಸರಿಯಾದ ಪಾದರಕ್ಷೆ ಮತ್ತು ದಿನಕ್ಕೆ ಹತ್ತು ನಿಮಿಷದ ವ್ಯಾಯಾಮದಿಂದ ಇದು ಬಹುಪಾಲು ಜನರಿಗೆ ವರ್ಷದೊಳಗೆ ವಾಸಿಯಾಗುತ್ತದೆ. ಆ ಪಾದರಕ್ಷೆಗೆ ಆರು ಸಾವಿರ ಸುರಿಯಬೇಕಾಗಿಲ್ಲ.

ನೋವು ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಅಂಗಡಿಯಲ್ಲಿ ಏನನ್ನು ನೋಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಹಿಮ್ಮಡಿಯ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿಯಾದ ನಾರಿನ ಪಟ್ಟಿಯಿದೆ. ಪಾದದ 26 ಮೂಳೆಗಳು ಕಮಾನಿನ ಆಕಾರದಲ್ಲಿ ನಿಲ್ಲಲು ನೆರವಾಗುವುದು ಅದೇ. ಗಂಟೆಗಟ್ಟಲೆ ನಿಂತಾಗ ಕಮಾನು ಕುಸಿಯಲು ನೋಡುತ್ತದೆ, ಪಟ್ಟಿ ಎಳೆಯಲ್ಪಡುತ್ತದೆ, ಆ ಎಳೆತವೆಲ್ಲ ಹಿಮ್ಮಡಿಯ ಮೂಳೆಗೆ ಪಟ್ಟಿ ಅಂಟಿಕೊಂಡಿರುವ ಒಂದೇ ಜಾಗಕ್ಕೆ ಬಂದು ಸೇರುತ್ತದೆ. ಮಲಗಿದಾಗ ಪಾದ ಕೆಳಕ್ಕೆ ಬಾಗಿರುವುದರಿಂದ ಪಟ್ಟಿ ಕುಗ್ಗಿದ ಸ್ಥಿತಿಯಲ್ಲೇ ಬಿಗಿಯಾಗುತ್ತದೆ. ಎದ್ದು ಕಾಲೂರಿದ ಕ್ಷಣ ಇಡೀ ದೇಹದ ತೂಕ ಅದನ್ನು ಒಮ್ಮೆಲೇ ಎಳೆಯುತ್ತದೆ. ಮೀನಖಂಡದ ಸ್ನಾಯುಗಳು ಬಿಗಿದುಕೊಂಡಿದ್ದರೆ ಎಳೆತ ಇನ್ನೂ ಹೆಚ್ಚು. ವಾರ್ಡಿನ ನೆಲವೋ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್, ಒಂದಿಷ್ಟೂ ಬಳುಕದ್ದು. ನಡೆಯುವುದಕ್ಕಿಂತ ನಿಲ್ಲುವುದೇ ಕಾಲಿಗೆ ಹೆಚ್ಚು ಕಷ್ಟ ಎಂಬುದು ನಿಮಗೂ ಅನುಭವಕ್ಕೆ ಬಂದಿರಬಹುದು. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಟ್ರಾಲಿಯ ಮುಂದೆ ನಿಂತು ಮಾತ್ರೆ ಹಂಚುವಾಗ ಆ ಕೆಲಸ ನಿಂತುಹೋಗಿ ಕಾಲು ಬಾವು ಬರುತ್ತದೆ.

ಈಗ ಎಕ್ಸ್‌ರೇಯಲ್ಲಿ ಕಂಡ ಮೂಳೆಯ ವಿಚಾರ. ಹಿಮ್ಮಡಿಯ ಕೆಳಗೆ ಮುಳ್ಳಿನಂತೆ ಚಾಚಿಕೊಂಡ ಆ ಮೂಳೆ, ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಕಾಣುತ್ತದೆ. ತೀವ್ರ ನೋವಿರುವ ಎಷ್ಟೋ ಜನರಲ್ಲಿ ಕಾಣುವುದೇ ಇಲ್ಲ. ನೋವು ವಾಸಿಯಾದ ಮೇಲೂ ಅದು ಅಲ್ಲೇ ಇರುತ್ತದೆ. ಆದ್ದರಿಂದ ಆ ಮುಳ್ಳು ನೆಲಕ್ಕೆ ಚುಚ್ಚಿ ನೋಯುತ್ತಿದೆ ಎಂಬ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿ. ಇದರ ಜೊತೆಗೇ ಬರುವ ಇನ್ನೊಂದು ಮಾತು ಯೂರಿಕ್ ಆಮ್ಲದ್ದು. ಹಿಮ್ಮಡಿ ನೋವು ಎಂದಾಕ್ಷಣ ರಕ್ತಪರೀಕ್ಷೆ ಮಾಡಿಸಿ, ಸ್ವಲ್ಪ ಹೆಚ್ಚಿದೆ ಎಂದು ಬೇಳೆಕಾಳು ಬಿಡಿಸಿದವರನ್ನು ನಾನು ಬಹಳ ನೋಡಿದ್ದೇನೆ. ಯೂರಿಕ್ ಆಮ್ಲದಿಂದ ಬರುವ ಗೌಟ್ ಸಾಮಾನ್ಯವಾಗಿ ಹೆಬ್ಬೆರಳಿನ ಬುಡದ ಕೀಲನ್ನು ಹಿಡಿಯುತ್ತದೆ, ರಾತ್ರೋರಾತ್ರಿ ಕೆಂಪಾಗಿ ಊದಿ ಮುಟ್ಟಲಾಗದಷ್ಟು ನೋಯುತ್ತದೆ. ನಿಮ್ಮ ನೋವಿನ ಸ್ವಭಾವ ಅದಲ್ಲ.

ಮೆಮೊರಿ ಫೋಮ್ ಶೂ ಎರಡು ವಾರ ಮಾತ್ರ ಏಕೆ ಹಿತವಾಗಿತ್ತು ಎಂಬುದಕ್ಕೆ ಬರೋಣ. ಕಾಲಿಗೆ ಮೆತ್ತಗಿರುವುದು ಬೇರೆ, ಕಾಲಿಗೆ ಆಧಾರ ಕೊಡುವುದು ಬೇರೆ. ಶೂ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಹಳೆಯ ಹತ್ತಿಯ ಹಾಸಿಗೆಯಲ್ಲಿ ಮಲಗಿದವರ ಸೊಂಟ ಹೇಗೆ ಹೂತುಹೋಗುತ್ತದೆಯೋ ಹಾಗೆಯೇ ಮೆತ್ತನೆಯ ಫೋಮಿನಲ್ಲಿ ಹಿಮ್ಮಡಿ ಹೂತುಹೋಗುತ್ತದೆ. ಅಂಗಡಿಯ ಕುರ್ಚಿಯಲ್ಲಿ ಕುಳಿತು ಹಾಕಿಕೊಂಡಾಗ ಅದರಷ್ಟು ಸುಖವಾದದ್ದು ಬೇರೊಂದಿಲ್ಲ ಎನ್ನಿಸುತ್ತದೆ. ಗಂಟೆಗಟ್ಟಲೆ ತೂಕ ಬಿದ್ದ ಮೇಲೆ ಫೋಮ್ ಚಪ್ಪಟೆಯಾಗುತ್ತದೆ, ಪಾದ ಅತ್ತಿತ್ತ ವಾಲುತ್ತದೆ, ಅದನ್ನು ನೆಟ್ಟಗೆ ಹಿಡಿದಿಡಲು ಪಾದದ ಸಣ್ಣ ಸ್ನಾಯುಗಳು ಪಾಳಿಯುದ್ದಕ್ಕೂ ದುಡಿಯುತ್ತವೆ, ನಾರಿನ ಪಟ್ಟಿಯ ಮೇಲಿನ ಎಳೆತ ಮೊದಲಿನಷ್ಟೇ ಆಗುತ್ತದೆ. ಬೆರಳುಗಳ ಬುಡದ ಉರಿಗೆ ಮಾತ್ರ ಕಾರಣ ಬೇರೆಯಿರಬಹುದು. ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಹಾದುಹೋಗುವ ನರ, ಮುಂಭಾಗ ಇಕ್ಕಟ್ಟಾದ ಶೂನಲ್ಲಿ ಒತ್ತಿಹೋಗಿ ಉರಿ, ಜೋಮು ಕೊಡುತ್ತದೆ. ದಪ್ಪ ಫೋಮ್ ಒಳಗಿನ ಜಾಗವನ್ನು ತಿಂದುಬಿಡುವುದರಿಂದ ನಿಮ್ಮ ಶೂ ಮೊದಲಿಗಿಂತ ಬಿಗಿಯಾಗಿರುವ ಸಾಧ್ಯತೆ ಹೆಚ್ಚು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ, ಮಲಗುವ ಮುನ್ನ, ಬಿಳಿ ಹಾಳೆಯೊಂದರ ಮೇಲೆ ಎದ್ದು ನಿಂತು, ಇನ್ನೊಬ್ಬರ ಕೈಯಲ್ಲಿ ಪೆನ್ಸಿಲ್ಲನ್ನು ನೆಟ್ಟಗೆ ಹಿಡಿಸಿ, ಎರಡೂ ಪಾದಗಳ ಸುತ್ತ ಗೆರೆ ಎಳೆಸಿ. ಶೂ ಒಳಗಿನ ಇನ್‌ಸೋಲ್ ಬಿಡಿಸಿ ಬರುವಂತಿದ್ದರೆ ಹೊರತೆಗೆದು ಆ ಗೆರೆಯ ಮೇಲಿಡಿ. ನಮ್ಮಲ್ಲಿಗೆ ಬರುವವರ ಇನ್‌ಸೋಲನ್ನೇ ನೆಲಕ್ಕೆ ಹಾಕಿ ಅದರ ಮೇಲೆ ನಿಲ್ಲಲು ಹೇಳುತ್ತೇನೆ. ಕಿರುಬೆರಳು ಪೂರ್ತಿ ಅಂಚಿನ ಹೊರಗೆ, ಹೆಬ್ಬೆರಳಿನ ಪಕ್ಕದ ಮೂಳೆ ಅರ್ಧ ಹೊರಗೆ, ಉದ್ದ ಮಾತ್ರ ಸರಿ. ಹಾಗೆ ನಿಂತ ಮಹಿಳೆಯರು ತಮ್ಮ ಕಿರುಬೆರಳ ಮೇಲಿನ ಆಣಿ ಎಲ್ಲಿಂದ ಬಂತು ಎಂಬುದನ್ನು ತಾವೇ ಕಂಡುಕೊಳ್ಳುತ್ತಾರೆ, ನಾನು ವಿವರಿಸಬೇಕಾಗುವುದಿಲ್ಲ.

ಇಲ್ಲಿ ತಪ್ಪು ನಿಮ್ಮ ಪಾದದ್ದಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ನಾನಾ ಭಾಗಗಳ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರ ಪಾದಕ್ಕಿಂತ ಅಗಲ ಎಂಬುದು ಅದರಿಂದ ತಿಳಿದುಬಂತು. 'ಭಾ' ಎಂಬ ಹೆಸರಿನಲ್ಲಿ ನಮ್ಮದೇ ಅಳತೆಯ ಪದ್ಧತಿಯನ್ನು ಪ್ರಸ್ತಾಪಿಸಿದ್ದೂ ಆ ಸಮೀಕ್ಷೆಯ ಆಧಾರದ ಮೇಲೆ. ಅಂಗಡಿಗಳಲ್ಲಿ ಇಂದಿಗೂ ನಡೆಯುತ್ತಿರುವುದು ಬ್ರಿಟಿಷ್ ಅಳತೆ, ಅದೂ ಬಹುತೇಕ ಒಂದೇ ಅಗಲದಲ್ಲಿ. ಅಗಲ ಸಾಲದಾದಾಗ ನಮ್ಮವರು ಒಂದು ನಂಬರ್ ದೊಡ್ಡದು ತೆಗೆದುಕೊಳ್ಳುತ್ತಾರೆ; ಆಗ ಉದ್ದ ಎಂಟು ಮಿಲಿಮೀಟರಿಗೂ ಹೆಚ್ಚು ಬೆಳೆದು ಹಿಮ್ಮಡಿ ಒಳಗೆ ಜಾರಾಡುತ್ತದೆ, ಬೊಕ್ಕೆ ಏಳುತ್ತದೆ. ಇದಕ್ಕೆ ಸುಲಭದ ದಾರಿಯೊಂದಿದೆ. ಗಂಡಸರ ವಿಭಾಗದಲ್ಲಿ 5 ಅಥವಾ 6ನೇ ನಂಬರಿನ ಬಿಳಿ ವಾಕಿಂಗ್ ಶೂ ಕೇಳಿ ನೋಡಿ. ಅದೇ ಉದ್ದಕ್ಕೆ ಅವುಗಳ ಮುಂಭಾಗ ಸಾಮಾನ್ಯವಾಗಿ ಹೆಚ್ಚು ಅಗಲ. ಅಂಗಡಿಯವರು ತಾವಾಗಿ ತೋರಿಸುವುದಿಲ್ಲ, ನೀವೇ ಕೇಳಬೇಕು.

ಇಬ್ಬರು ಮಕ್ಕಳ ತಾಯಿ ಎಂದಿದ್ದೀರಿ. ಗರ್ಭಿಣಿಯಾಗಿದ್ದಾಗ ಪಾದದ ಕಟ್ಟುಗಳು ಸಡಿಲವಾಗಿ, ತೂಕವೂ ಏರಿ, ಹಲವರ ಪಾದ ಶಾಶ್ವತವಾಗಿ ಸ್ವಲ್ಪ ಉದ್ದವಾಗುತ್ತದೆ, ಕಮಾನು ತಗ್ಗುತ್ತದೆ. ನರ್ಸಿಂಗ್ ಕಾಲೇಜಿನಲ್ಲಿ ಹಾಕುತ್ತಿದ್ದ ನಂಬರನ್ನೇ ಈಗಲೂ ಕೇಳುತ್ತಿದ್ದರೆ ಅದನ್ನು ಬಿಟ್ಟುಬಿಡಿ.

ಕೊಳ್ಳಲು ಹೋಗುವ ಹೊತ್ತೂ ಮುಖ್ಯ. ಪಾದ ಬಾವು ಬಂದಿರುವಾಗ, ಅಂದರೆ ಪಾಳಿ ಮುಗಿದ ಮೇಲೆ ಅಥವಾ ಸಂಜೆ, ಡ್ಯೂಟಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು, ಪಾದದ ಗೆರೆ ಎಳೆದ ಹಾಳೆಯನ್ನು ಹಿಡಿದು ಹೋಗಿ. ಎರಡು ಪಾದಗಳಲ್ಲಿ ದೊಡ್ಡದು ಯಾವುದೋ ಅದಕ್ಕೆ ಶೂ ಹೊಂದಬೇಕು. ಎದ್ದು ನಿಂತಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿಯಬೇಕು, ಬೆರಳುಗಳನ್ನು ಒಳಗೆ ಅಲುಗಾಡಿಸಲು ಆಗಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. 'ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ' ಎಂಬ ಮಾತನ್ನು ನಂಬಬೇಡಿ. ಚರ್ಮ ಸ್ವಲ್ಪ ಸಡಿಲಗೊಂಡೀತು, ರೆಕ್ಸಿನ್ ಅಷ್ಟು ಸುಲಭಕ್ಕೆ ಸಡಿಲಗೊಳ್ಳುವುದಿಲ್ಲ.

ಇನ್ನು ಶೂವನ್ನು ಕೈಯಲ್ಲಿ ಹಿಡಿದು ನೋಡುವ ಬಗೆ. ಹಿಂಭಾಗದ ಗೋಡೆಯನ್ನು ಎರಡು ಬೆರಳಲ್ಲಿ ಹಿಸುಕಿ. ಅದು ಕಾಗದದಂತೆ ಮಡಚಿದರೆ ನಿಮ್ಮ ಹಿಮ್ಮಡಿಯನ್ನು ಹಿಡಿದಿಡಲಾರದು. ಶೂವಿನ ಎರಡು ತುದಿಗಳನ್ನು ಹಿಡಿದು ಬಗ್ಗಿಸಿ. ಬೆರಳುಗಳ ಬುಡ ಬರುವ ಕಡೆ ಬಾಗಬೇಕು, ನಡುವೆ ಬಾಗಿದರೆ ಕಮಾನಿಗೆ ಆಧಾರವಿಲ್ಲ. ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಕೊಂಚ ಪ್ರತಿರೋಧ ಇರಬೇಕು. ಹಿಮ್ಮಡಿಯ ಭಾಗ ಮುಂಭಾಗಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಎತ್ತರವಿದ್ದರೆ ನಿಮ್ಮ ತೊಂದರೆಗೆ ಒಳ್ಳೆಯದು, ಏಕೆಂದರೆ ಮೀನಖಂಡದ ಎಳೆತ ಅಷ್ಟು ತಗ್ಗುತ್ತದೆ. ನೀವು ಹಾಕುತ್ತಿದ್ದ ಬೆಲ್ಲಿ ಈ ಯಾವ ಪರೀಕ್ಷೆಯಲ್ಲೂ ಪಾಸಾಗುವುದಿಲ್ಲ. ಅದರ ಅಟ್ಟೆ ತೆಳು, ಹಿಂಭಾಗ ಮೆದು, ಮೇಲ್ಭಾಗ ತೆರೆದಿರುವುದರಿಂದ ಕಾಲಿನಿಂದ ಕಳಚದಂತೆ ನೋಡಿಕೊಳ್ಳಲು ಬೆರಳುಗಳೇ ಹೆಜ್ಜೆಹೆಜ್ಜೆಗೂ ಮಡಚಿ ಹಿಡಿಯಬೇಕು. ಲೇಸ್ ಅಥವಾ ವೆಲ್ಕ್ರೋ ಪಟ್ಟಿ ಇರುವ ಶೂ ಎಲ್ಲ ರೀತಿಯಿಂದಲೂ ಮೇಲು. ಬಾವು ಹೆಚ್ಚಿದಂತೆ ಪಾಳಿಯ ನಡುವೆ ಸಡಿಲಿಸಿಕೊಳ್ಳಬಹುದು.

ಅಟ್ಟೆ ಯಾವುದರಿಂದ ಮಾಡಿದ್ದು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಅಗ್ಗದ ಪಿವಿಸಿ ಅಟ್ಟೆ ಭಾರ ಮತ್ತು ಗಡುಸು, ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ. ಇವಿಎ ಎಂಬ ಹಗುರ ಫೋಮ್ ಪೆಟ್ಟನ್ನು ಚೆನ್ನಾಗಿ ತಡೆಯುತ್ತದೆ, ಆದರೆ ತಿಂಗಳುಗಳು ಕಳೆದಂತೆ ಕುಗ್ಗಿ ಸೋಲುತ್ತದೆ. ಪಿಯು (ಪಾಲಿಯುರೆಥೇನ್) ಅಟ್ಟೆ ಸ್ವಲ್ಪ ತೂಕ, ಬಾಳಿಕೆ ಹೆಚ್ಚು; ಹಾಕದೆ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟರೆ ಮಾತ್ರ ತೇವಾಂಶಕ್ಕೆ ಪುಡಿಪುಡಿಯಾಗುತ್ತದೆ, ಆದ್ದರಿಂದ ಆಫರ್ ಇದೆ ಎಂದು ಹಳೆಯ ದಾಸ್ತಾನು ಕೊಳ್ಳಬೇಡಿ. ನಿಮಗೆ ಹೊಂದುವುದು ನಡುವೆ ಇವಿಎ, ನೆಲಕ್ಕೆ ತಾಗುವ ಕಡೆ ರಬ್ಬರ್ ಇರುವ ಅಟ್ಟೆ. ಬೆಳಿಗ್ಗೆ ಐದೂವರೆಗೆ ಫಿನಾಯಿಲ್ ಹಾಕಿ ನೆಲ ಒರೆಸುವಾಗ, ಬಾತ್‌ರೂಮಿನಿಂದ ರೋಗಿಯನ್ನು ಹಿಡಿದು ತರುವಾಗ ನೀವು ಜಾರಿದರೆ ಬೀಳುವವರು ಇಬ್ಬರು. ಅಂಗಡಿಯವರ ಅನುಮತಿ ಪಡೆದು ನೆಲದ ಒಂದು ಟೈಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ನಿಂತು ಪಾದವನ್ನು ಮುಂದಕ್ಕೆ ತಳ್ಳಿ ನೋಡಿ. ಇದು ವಿಚಿತ್ರವೆನಿಸಬಹುದು, ಆದರೂ ಸಂಕೋಚಪಡಬೇಡಿ.

ಮೇಲ್ಭಾಗದ ವಿಷಯದಲ್ಲಿ ಎರಡೂ ಕಡೆ ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ. ಬಲೆಯಂಥ ಬಟ್ಟೆಯ ಶೂನಲ್ಲಿ ಗಾಳಿಯಾಡುತ್ತದೆ, ಬೆವರು ಕಟ್ಟುವುದಿಲ್ಲ. ರಕ್ತವೋ ಮೂತ್ರವೋ ಬಿದ್ದರೆ ನೇರವಾಗಿ ಕಾಲುಚೀಲಕ್ಕೆ ಇಳಿಯುತ್ತದೆ, ಕೈಜಾರಿದ ಸೂಜಿಯನ್ನು ಅದು ತಡೆಯುವುದಿಲ್ಲ. ರೆಕ್ಸಿನ್ ಅಥವಾ ಸಿಂಥೆಟಿಕ್ ಚರ್ಮದ ಶೂವನ್ನು ಒರೆಸಿ ಸ್ವಚ್ಛ ಮಾಡಬಹುದು, ಆದರೆ ಒಳಗೆ ಬೆವರು ನಿಲ್ಲುತ್ತದೆ. ವಾರ್ಡ್ ಕೆಲಸಕ್ಕೆ ನಾನು ಎರಡನೆಯದನ್ನೇ ಹೇಳುತ್ತೇನೆ. ಬೆವರಿಗೆ ಹತ್ತಿ ಬೆರೆತ ಕಾಲುಚೀಲ ಮತ್ತು ಪಾಳಿಯ ನಡುವೆ ಬದಲಿಸಲು ಬ್ಯಾಗಿನಲ್ಲಿ ಇನ್ನೊಂದು ಜೊತೆ ಸಾಕು. ಸೂಜಿ ಚುಚ್ಚಿದರೆ ಆಗುವ ಆತಂಕ, ರಕ್ತಪರೀಕ್ಷೆ, ಮಾತ್ರೆಗಳ ಕಷ್ಟ ಎಷ್ಟೆಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇಷ್ಟು ಹೇಳಿದ ಮೇಲೆ ಬೆಲೆಯ ಲೆಕ್ಕ. ಕ್ಯಾಂಪಸ್, ಸ್ಪಾರ್ಕ್ಸ್, ಬಾಟಾ, ಲಿಬರ್ಟಿ, ಡೆಕಾಥ್ಲಾನ್ ಮುಂತಾದವುಗಳಲ್ಲಿ ಒಂದು ಸಾವಿರದಿಂದ ಒಂದೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ನಾನು ಹೇಳಿದ ಗುಣಗಳಿರುವ ವಾಕಿಂಗ್ ಶೂಗಳು ಸಿಗುತ್ತವೆ. ಇವುಗಳಲ್ಲಿ ಇದೇ ಉತ್ತಮ ಎಂದು ಒಂದನ್ನು ಹೆಸರಿಸುವುದಿಲ್ಲ, ಏಕೆಂದರೆ ಒಂದೇ ಕಂಪನಿಯ ಎರಡು ಮಾದರಿಗಳ ಅಚ್ಚು ಬೇರೆ ಬೇರೆ ಇರುತ್ತದೆ, ಒಬ್ಬರ ಪಾದಕ್ಕೆ ಹೊಂದಿದ್ದು ಪಕ್ಕದವರಿಗೆ ಕಚ್ಚುತ್ತದೆ. ಆರು ಸಾವಿರದ ಶೂ ಕೆಟ್ಟದ್ದೇನಲ್ಲ; ಅದರಲ್ಲಿ ಒಳ್ಳೆಯ ಫೋಮ್ ಇರುತ್ತದೆ, ಕೆಲವದರಲ್ಲಿ ಅಗಲದ ಆಯ್ಕೆಯೂ ಇರುತ್ತದೆ. ಆದರೆ ಅದರ ಫೋಮ್ ಕೂಡ ಕುಗ್ಗುತ್ತದೆ. ನಾಲ್ಕು ಪಟ್ಟು ಹಣ ಕೊಟ್ಟರೆ ನಾಲ್ಕು ಪಟ್ಟು ಬಾಳಿಕೆ ಬರುವುದಿಲ್ಲ. ನಿಮ್ಮ ಸಂಬಳದಲ್ಲಿ ಮೂರು ಸಾವಿರವನ್ನು ಎತ್ತಿಡಲು ಸಾಧ್ಯವಾದರೆ ಒಂದೂವರೆ ಸಾವಿರದ ಎರಡು ಜೊತೆ ಕೊಂಡು ದಿನ ಬಿಟ್ಟು ದಿನ ಹಾಕಿ. ಒಂದು ದಿನದ ವಿಶ್ರಾಂತಿಯಲ್ಲಿ ಶೂ ಒಳಗಿನ ಬೆವರು ಒಣಗುತ್ತದೆ, ಬೆರಳ ಸಂದಿಯ ಫಂಗಸ್ ದೂರವಿರುತ್ತದೆ. ಎರಡನ್ನೂ ಒಟ್ಟಿಗೇ ಕೊಳ್ಳಬೇಡಿ. ಮೊದಲನೆಯದನ್ನು ಮನೆಯೊಳಗೆ ಒಂದೆರಡು ದಿನ ಹಾಕಿ ನೋಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ತೀರ್ಮಾನಿಸಿ.

ಶಾಲೆಯ ಮಕ್ಕಳು ಪಿ.ಟಿ.ಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂವನ್ನು ಬೆಲೆ ಕಡಿಮೆ ಎಂದು ಹಲವು ನರ್ಸ್‌ಗಳು ಹಾಕುತ್ತಾರೆ. ಅದರ ಅಟ್ಟೆ ಪೂರ್ತಿ ಚಪ್ಪಟೆ, ಬಟ್ಟೆ ಎಲ್ಲವನ್ನೂ ಹೀರುತ್ತದೆ; ನೋವಿರುವ ನಿಮಗೆ ಬೇಡ. ರಬ್ಬರಿನಂಥ ಒಂದೇ ಅಚ್ಚಿನ ಕ್ಲಾಗ್‌ಗಳು ಹಗುರ, ತೊಳೆಯಲು ಸುಲಭ, ಮುಂಭಾಗ ವಿಶಾಲ. ಆದರೆ ಮೇಲೆ ತೂತುಗಳಿರುವುದು ಮತ್ತು ಹಿಂಭಾಗ ತೆರೆದಿರುವುದು ವಾರ್ಡಿಗೆ ಒಗ್ಗುವುದಿಲ್ಲ. ಕೋಡ್ ಬ್ಲೂ (ರೋಗಿಯ ಹೃದಯ ನಿಂತಾಗಿನ ತುರ್ತು ಕರೆ) ಬಂದು ಓಡಬೇಕಾದಾಗ ಅವು ಕಳಚಿಕೊಳ್ಳುತ್ತವೆ, ಅಟ್ಟೆಯ ಗೀರುಗಳು ಸವೆದ ಮೇಲೆ ಒದ್ದೆ ನೆಲದಲ್ಲಿ ಅಪಾಯಕಾರಿ. ತೂತಿಲ್ಲದ, ಹಿಂಬದಿ ಮುಚ್ಚಿದ ಮಾದರಿ ಸಿಕ್ಕರೆ ಮಾತು ಬೇರೆ.

ಎಂಸಿಆರ್ ಚಪ್ಪಲಿಯ ಬಗ್ಗೆ ಗೌರವದಿಂದಲೇ ಹೇಳಬೇಕು. ಮೈಕ್ರೋ ಸೆಲ್ಯುಲಾರ್ ರಬ್ಬರಿನ ಪಾದರಕ್ಷೆ ನಮ್ಮ ದೇಶದಲ್ಲಿ ಹೆಸರಾದದ್ದು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳನ್ನು ಹುಣ್ಣಿನಿಂದ ಕಾಪಾಡುವ ಸಾಧನವಾಗಿ. ತಮಿಳುನಾಡಿನ ವೆಲ್ಲೂರು ಮತ್ತು ಕರಿಗಿರಿಯಲ್ಲಿ ಡಾ. ಪಾಲ್ ಬ್ರಾಂಡ್ ಮತ್ತು ಅವರ ಸಹೋದ್ಯೋಗಿಗಳು ಮಾಡಿದ ಕೆಲಸ ಅದಕ್ಕೆ ದಾರಿಯಾಯಿತು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೂ ಅದು ವರದಾನವಾಗಿದೆ. ಆದರೆ ಅದರ ಗುಣವಿರುವುದು ಒತ್ತಡವನ್ನು ಇಡೀ ಅಂಗಾಲಿಗೆ ಹಂಚುವುದರಲ್ಲಿ. ಎಳೆದುಕೊಂಡ ನಾರಿನ ಪಟ್ಟಿಯನ್ನು ಅದು ವಾಸಿ ಮಾಡುವುದಿಲ್ಲ, ಚಪ್ಪಟೆ ಎಂಸಿಆರ್ ಹಾಳೆ ಕಮಾನನ್ನು ಎತ್ತಿ ಹಿಡಿಯುವುದೂ ಇಲ್ಲ. ವಾರ್ಡಿನಲ್ಲಿ ತೆರೆದ ಚಪ್ಪಲಿ ಹಾಕುವಂತೆಯೂ ಇಲ್ಲ. ಅದಕ್ಕೆ ಸರಿಯಾದ ಜಾಗ ನಿಮ್ಮ ಮನೆ. ಪಾಳಿ ಮುಗಿಸಿ ಬಂದು ಅಡುಗೆಮನೆಯ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಇನ್ನೆರಡು ಗಂಟೆ ನಿಂತರೆ, ಆಸ್ಪತ್ರೆಯಲ್ಲಿ ಶೂ ಕೊಟ್ಟ ಆರಾಮವೆಲ್ಲ ಅಲ್ಲಿ ಕರಗಿಹೋಗುತ್ತದೆ. ಮನೆಯೊಳಗೆ ಚಪ್ಪಲಿ ಮೆಟ್ಟುವುದಿಲ್ಲ ಎಂಬ ರೂಢಿ ನಿಮ್ಮಲ್ಲಿದ್ದರೆ, ಹೊರಗೆ ಹಾಕದ, ಮನೆಗೆಂದೇ ಮೀಸಲಾದ ಒಂದು ಜೊತೆ ಇಟ್ಟುಕೊಳ್ಳಿ. ಹಿರಿಯರಿಗೆ ಕಾಲಿನ ನೋವನ್ನು ತಿಳಿಸಿ ಹೇಳಿದರೆ ಒಪ್ಪುತ್ತಾರೆ ಎಂಬುದು ನನ್ನ ಅನುಭವ. ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಯೂ ಆ ಚಪ್ಪಲಿಯ ಮೇಲೇ ಇರಲಿ.

ಐಸಿಯು ಚಪ್ಪಲಿಯ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಿ. ನನಗೆ ಅದು ಶೂವಿನಷ್ಟೇ ದೊಡ್ಡ ವಿಷಯವಾಗಿ ಕಾಣುತ್ತದೆ. ಹತ್ತಾರು ಜನ ಸರದಿಯಲ್ಲಿ ಹಾಕುವ, ಹಿಮ್ಮಡಿಯ ಕಡೆ ಸವೆದು ಕಾಗದದಷ್ಟು ತೆಳುವಾದ, ಒಳಗೆ ಸದಾ ತೇವವಿರುವ, ಯಾರ ಅಳತೆಯದೂ ಅಲ್ಲದ ಹವಾಯಿ ಚಪ್ಪಲಿಯಲ್ಲಿ ಹನ್ನೆರಡು ಗಂಟೆ ನಿಲ್ಲುವುದಾದರೆ ನೀವು ಎಷ್ಟೇ ಒಳ್ಳೆಯ ಶೂ ಕೊಂಡರೂ ಅದು ಬಾಗಿಲ ಹೊರಗೆ ಕುಳಿತಿರುತ್ತದೆ. ಹೊರಗಿನ ಧೂಳು ಕೊಳೆ ಒಳಗೆ ಬರಬಾರದು ಎಂಬುದು ಆ ನಿಯಮದ ಉದ್ದೇಶ. ಐಸಿಯು ಒಳಗೇ ಉಳಿಯುವ, ಹೆಸರು ಬರೆದ, ಒರೆಸಿ ಸ್ವಚ್ಛ ಮಾಡಬಹುದಾದ ನಿಮ್ಮದೇ ಒಂದು ಜೊತೆ ಮುಚ್ಚಿದ ಶೂ ಆ ಉದ್ದೇಶವನ್ನು ಪೂರೈಸುತ್ತದೆ. ನಿಮ್ಮ ಎರಡನೆಯ ಜೊತೆಯನ್ನು ಇದಕ್ಕೇ ಬಳಸಬಹುದು. ಸೋಂಕು ನಿಯಂತ್ರಣದ ಹೊಣೆ ಹೊತ್ತ ನರ್ಸ್ ಮತ್ತು ನರ್ಸಿಂಗ್ ಸೂಪರಿಂಟೆಂಡೆಂಟ್ ಅವರಿಗೆ ಐಸಿಯುನಲ್ಲಿ ಕೆಲಸ ಮಾಡುವವರೆಲ್ಲ ಸೇರಿ ಲಿಖಿತವಾಗಿ ಕೇಳಿ. ತೆರೆದ ಚಪ್ಪಲಿಯ ಮೇಲೆ ಸೂಜಿ ಅಥವಾ ರಕ್ತ ಬೀಳುವ ಅಪಾಯವನ್ನು ಮೊದಲ ಕಾರಣವಾಗಿ ಬರೆಯಿರಿ. ಕಾಲುನೋವು ಎಂದು ಬರೆದರೆ ಅದು ನಿಮ್ಮೊಬ್ಬರ ತೊಂದರೆ ಎಂದು ಬದಿಗಿಟ್ಟುಬಿಡುವ ಸಾಧ್ಯತೆ ಇದೆ.

ಶೂ ಒಳಗೆ ಇಡುವ ವಸ್ತುಗಳಿಗೂ ಮಿತಿಯಿದೆ. ಸಿಲಿಕೋನ್ ಹೀಲ್ ಕಪ್‌ಗಳು ಮೆಡಿಕಲ್ ಶಾಪಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತವೆ, ಹಲವರಿಗೆ ಹಿತ ಕೊಡುತ್ತವೆ. ನೋವು ಒಂದೇ ಕಾಲಿಗಿದ್ದರೂ ಎರಡೂ ಶೂಗಳಲ್ಲಿ ಇಡಿ, ಇಲ್ಲವಾದರೆ ಸೊಂಟ ವಾಲುತ್ತದೆ. ಹಿಮ್ಮಡಿ ಎತ್ತರವಾಗುವುದರಿಂದ ಶೂ ಕಳಚುತ್ತಿಲ್ಲವೇ ಎಂದೂ ನೋಡಿ. ಕಮಾನಿಗೆ ಆಧಾರ ಕೊಡುವ ಸಿದ್ಧ ಇನ್‌ಸೋಲ್ ಅದಕ್ಕಿಂತ ಉಪಯುಕ್ತ. ಅಳತೆ ಕೊಟ್ಟು ಮಾಡಿಸುವ ದುಬಾರಿ ಇನ್‌ಸೋಲ್ ಸಾಮಾನ್ಯ ಹಿಮ್ಮಡಿ ನೋವಿಗೆ ಸಿದ್ಧ ಇನ್‌ಸೋಲಿಗಿಂತ ಹೆಚ್ಚಿನ ಲಾಭ ಕೊಡುವುದು ಕಂಡುಬಂದಿಲ್ಲ. ಪಾದ ತೀರಾ ಚಪ್ಪಟೆಯಾಗಿದ್ದರೆ ಅಥವಾ ಆಕಾರ ಕೆಟ್ಟಿದ್ದರೆ ಮಾತ್ರ ಅದರ ಅಗತ್ಯ ಬರುತ್ತದೆ. ಸಂಜೆಯ ಬಾವಿಗೆ ಮೊಣಕಾಲಿನವರೆಗಿನ ಒತ್ತು ಕಾಲುಚೀಲ, 15ರಿಂದ 20 ಎಂಎಂಎಚ್‌ಜಿ ಒತ್ತಡದ್ದು, ಹಾಕಬಹುದು. ನಿಮಗೆ ಸಕ್ಕರೆ ಕಾಯಿಲೆ ಅಥವಾ ಕಾಲಿನ ರಕ್ತನಾಳ ಕಟ್ಟಿಕೊಂಡ ತೊಂದರೆ ಇದ್ದರೆ ವೈದ್ಯರನ್ನು ಕೇಳದೆ ಅದನ್ನು ಹಾಕಬೇಡಿ.

ಶೂ ಒಂದರಿಂದಲೇ ನೋವು ಹೋಗುವುದಿಲ್ಲ. ಹಾಸಿಗೆಯಿಂದ ಇಳಿಯುವ ಮುನ್ನ ನೋವಿರುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಹಿಂದಕ್ಕೆ ಎಳೆದು ಹತ್ತು ಎಣಿಸುವವರೆಗೆ ಹಿಡಿಯಿರಿ. ಹೀಗೆ ಹತ್ತು ಸಲ. ಅಂಗಾಲಿನಲ್ಲಿ ಹಗ್ಗದಂತೆ ಬಿಗಿದ ಪಟ್ಟಿ ಇನ್ನೊಂದು ಕೈಗೆ ಸಿಕ್ಕರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಎಳೆಯುವ ವ್ಯಾಯಾಮವನ್ನು ಅರ್ಧ ನಿಮಿಷದಂತೆ ಮೂರು ಸಲ, ದಿನಕ್ಕೆರಡು ಹೊತ್ತು ಮಾಡಿ. ಫಲ ಕಾಣಲು ಆರರಿಂದ ಎಂಟು ವಾರ ಹಿಡಿಯುತ್ತದೆ. ಹತ್ತು ದಿನಕ್ಕೆ ಬಿಟ್ಟವರೇ ಹೆಚ್ಚು. ಸ್ಟೆರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಡ್ಯೂಟಿಗೆ ರಜೆ ಸಿಗದವರು ಅದನ್ನೇ ಕೇಳುತ್ತಾರೆ. ಆ ಆರಾಮ ಹೆಚ್ಚಾಗಿ ಕೆಲವು ವಾರಗಳದು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ, ನಾರಿನ ಪಟ್ಟಿಯೇ ಹರಿಯುವ ಅಪಾಯವಿದೆ. ಅದನ್ನು ಮೊದಲ ದಾರಿಯಾಗಿ ಆರಿಸಿಕೊಳ್ಳಬೇಡಿ.

ಕೊಂಡ ಶೂವನ್ನು ಎಷ್ಟು ದಿನ ಹಾಕಬಹುದು? ಒಂದೇ ಜೊತೆಯನ್ನು ದಿನವೂ ಹಾಕಿದರೆ ಆರು ತಿಂಗಳಿಂದ ಒಂದು ವರ್ಷ. ಮೇಲ್ನೋಟಕ್ಕೆ ಹೊಸದರಂತಿದ್ದರೂ ಒಳಗಿನ ಫೋಮ್ ಸತ್ತಿರಬಹುದು. ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ, ಅಟ್ಟೆಯ ಪಕ್ಕದಲ್ಲಿ ಆಳವಾದ ಸುಕ್ಕುಗಳಿದ್ದರೆ ಅದರ ಕೆಲಸ ಮುಗಿದಿದೆ. ರಕ್ತ ಬಿದ್ದಾಗ ಗ್ಲೌಸ್ ಹಾಕಿ ಒರೆಸಿ ತೆಗೆದು, ವಾರ್ಡಿನಲ್ಲಿರುವ ಹೈಪೋಕ್ಲೋರೈಟ್ ದ್ರಾವಣದಿಂದ ಒರೆಸಿ, ಹತ್ತು ನಿಮಿಷದ ನಂತರ ನೀರಿನ ಬಟ್ಟೆಯಿಂದ ಮತ್ತೆ ಒರೆಸಿ. ಹಾಗೆಯೇ ಬಿಟ್ಟರೆ ಹೊಲಿಗೆ ಕೊಳೆಯುತ್ತದೆ. ಬಿಸಿಲಿಗೆ ಒಣಹಾಕಬೇಡಿ, ಅಂಟು ಬಿಡುತ್ತದೆ. ಮಳೆಗಾಲದಲ್ಲಿ ಒಳಗೆ ದಿನಪತ್ರಿಕೆ ತುರುಕಿ ಫ್ಯಾನ್ ಕೆಳಗಿಟ್ಟರೆ ಮರುದಿನಕ್ಕೆ ಒಣಗಿರುತ್ತದೆ.

ಎರಡು ತಿಂಗಳ ನಂತರವೂ ಬದಲಾವಣೆ ಕಾಣದಿದ್ದರೆ ಮೂಳೆ ಮತ್ತು ಕೀಲು ತಜ್ಞರನ್ನು ಕಾಣಿ, ಹೋಗುವಾಗ ನೀವು ಹಾಕಿ ಸವೆಸಿದ ಶೂವನ್ನೂ ತೆಗೆದುಕೊಂಡು ಹೋಗಿ. ಕೆಲವು ಲಕ್ಷಣಗಳಿಗೆ ಎರಡು ತಿಂಗಳು ಕಾಯುವುದು ಬೇಡ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಸುಕಿದಾಗ ತೀವ್ರ ನೋವಾದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮಲಗಿದ್ದಾಗಲೂ ನೋವು ಬಿಡದಿದ್ದರೆ, ಅಂಗಾಲು ಜೋಮು ಹಿಡಿದರೆ, ಅಥವಾ ಎರಡೂ ಹಿಮ್ಮಡಿಗಳ ನೋವಿನ ಜೊತೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಬಿಗಿದಿದ್ದರೆ ಪರೀಕ್ಷೆ ಬೇಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು. ಪಾಳಿ ಮುಗಿಯುವವರೆಗೂ ತಡೆಯದೆ ಆಗಲೇ ಡ್ಯೂಟಿ ಡಾಕ್ಟರಿಗೆ ತೋರಿಸಿ.